ಮಡಚುವ ಸೈಕಲ್ಲಿಗೆ ಮುಂಚಕ್ರದ ಮೋಟಾರ್ ಕಿಟ್: ವ್ಯಾಟ್ ಆಮೇಲೆ, ಮೊದಲು ಫೋರ್ಕ್ ಅಳೆಯಿರಿ

ಮಡಚುವ ಸೈಕಲ್ಲಿಗೆ ಮೋಟಾರ್ ಹಾಕಿಸಬೇಕೆನ್ನುವವರು ಮೊದಲು ಕೇಳುವುದು "250 ವ್ಯಾಟ್ ಸಾಕಾ, 350 ಬೇಕಾ" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ದೊಡ್ಡ ಚಕ್ರದ ಸೈಕಲ್ಲಿಗೆ ಮಾಡಿದ ಮೋಟಾರು 16 ಅಥವಾ 20 ಇಂಚಿನ ಸೈಕಲ್ಲಿನ ಫೋರ್ಕಿನೊಳಗೆ ಎಷ್ಟೋ ಸಲ ಕೂರುವುದೇ ಇಲ್ಲ. ಕೂತರೂ ವೇಗ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವ್ಯಾಟ್ ಸಂಖ್ಯೆ ಈ ಎರಡರ ಬಗ್ಗೆಯೂ ಏನೂ ಹೇಳುವುದಿಲ್ಲ.

ಫೋರ್ಕಿನಿಂದ ಶುರು ಮಾಡೋಣ. ಸಾಮಾನ್ಯ ಸೈಕಲ್ಲಿನ ಮುಂದಿನ ಫೋರ್ಕಿನ ಒಳಅಗಲ 100 ಮಿ.ಮೀ. ಮಡಚುವ ಸೈಕಲ್ ಮಾಡುವ ಕಂಪನಿಗಳ ಪೈಕಿ ಬ್ರಾಂಪ್ಟನ್‌ನದು ಮತ್ತು ಡಾಹನ್‌ನ ಬಹಳಷ್ಟು ಮಾದರಿಗಳದು 74 ಮಿ.ಮೀ. ಚಕ್ರ ಬಿಚ್ಚಿ, ಆಕ್ಸಲ್ ಕೂರುವ ಎರಡು ಡ್ರಾಪ್‌ಔಟ್‌ಗಳ ಒಳಮೈ ನಡುವೆ ವರ್ನಿಯರ್ ಹಿಡಿದು ನೀವೇ ಅಳೆಯಿರಿ. 74ರ ಫೋರ್ಕನ್ನು ಎಳೆದು ಅಗಲಿಸಿ 100ರ ಮೋಟಾರನ್ನು ತೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 26 ಮಿ.ಮೀ. ಅಗಲಿಸಿದ ಮೇಲೆ ಡ್ರಾಪ್‌ಔಟ್‌ಗಳು ಒಂದಕ್ಕೊಂದು ನೇರವಾಗಿ ಎದುರುಬದುರು ನಿಲ್ಲುವುದಿಲ್ಲ. ನಟ್ಟು ಒಂದು ಅಂಚಿನಲ್ಲಷ್ಟೇ ಕಚ್ಚಿಕೊಂಡು ಸಡಿಲವಾಗುತ್ತಲೇ ಇರುತ್ತದೆ.

ಡ್ರಾಪ್‌ಔಟಿನಲ್ಲಿ ಆಕ್ಸಲ್ ಕೂರುವ ಸೀಳಿನ ಅಗಲವನ್ನೂ ಆಗಲೇ ನೋಡಿಬಿಡಿ. ಮಾಮೂಲಿ ಮುಂಚಕ್ರದ ಆಕ್ಸಲ್ 9 ಮಿ.ಮೀ. ಮೋಟಾರಿನದು ಹೆಚ್ಚಾಗಿ 12 ಮಿ.ಮೀ. ದಪ್ಪದ ಆಕ್ಸಲ್, ಎರಡು ಬದಿ ಚಪ್ಪಟೆ ಮಾಡಿ 10ಕ್ಕೆ ಇಳಿಸಿದ್ದು. ಹಾಗಾಗಿ ಸೀಳಿನ ಎರಡೂ ಗೋಡೆಗಳಿಂದ ಅರ್ಧರ್ಧ ಮಿ.ಮೀ. ಅರದಲ್ಲಿ ಉಜ್ಜಬೇಕಾಗುತ್ತದೆ. ನಾಲ್ಕು ಸಲ ಉಜ್ಜಿ, ಆಕ್ಸಲ್ ಇಟ್ಟು ನೋಡಿ, ಮತ್ತೆ ಉಜ್ಜಿ. ಆಕ್ಸಲ್ ಬಿಗಿಯಾಗಿ ಜಾರಿ ಹೋಗಬೇಕು, ಒಳಗೆ ಅಲುಗಾಡಬಾರದು. ಒಂದು ಬದಿ ಹೆಚ್ಚು ಉಜ್ಜಿದರೆ ಚಕ್ರ ಓರೆಯಾಗಿ ಕೂತು ರಿಮ್ಮು ಬ್ರೇಕಿಗೆ ತಾಗುತ್ತದೆ.

ಫೋರ್ಕ್ ಯಾವ ಲೋಹದ್ದು ಎನ್ನುವುದು ಇವೆಲ್ಲಕ್ಕಿಂತ ಮುಖ್ಯ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ಡ್ರಾಪ್‌ಔಟ್ ಹತ್ತಿರ ಹಿಡಿಯಿರಿ. ಕಚ್ಚಿಕೊಂಡರೆ ಉಕ್ಕು, ಧೈರ್ಯವಾಗಿ ಮುಂದುವರಿಯಿರಿ. ಕಚ್ಚದಿದ್ದರೆ ಅಲ್ಯೂಮಿನಿಯಂ ಇರಬಹುದು. ಅದಕ್ಕೆ ಎರಡೂ ಬದಿ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಲೋಹದ ಪಟ್ಟಿ) ಇಲ್ಲದೆ ಮೋಟಾರ್ ಹಾಕಲೇಬಾರದು. ಕಾರ್ಬನ್ ಫೋರ್ಕಾದರೆ ಈ ಯೋಚನೆಯನ್ನೇ ಬಿಡಿ. ಕಾರಣ ಇಷ್ಟು: ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. 30 ನ್ಯೂಟನ್ ಮೀಟರ್ ಟಾರ್ಕಿನ ಪುಟ್ಟ ಮೋಟಾರಾದರೂ, 10 ಮಿ.ಮೀ.ನಷ್ಟು ಚಪ್ಪಟೆ ಭಾಗದ ಮೂಲೆಗಳಲ್ಲಿ ಆ ಬಲ ಹತ್ತಿರ ಹತ್ತಿರ 3000 ನ್ಯೂಟನ್ ಆಗುತ್ತದೆ, ಅಂದರೆ ಸುಮಾರು 300 ಕಿಲೋ ಭಾರ. ಸ್ಪ್ಯಾನರ್ ಹಾಕಿ ಮೀಟಿದ ಹಾಗೆ ಸೀಳಿನ ಬಾಯಿ ತೆರೆಯುತ್ತದೆ. ಉಕ್ಕು ಬಾಗಿ ಮುನ್ಸೂಚನೆ ಕೊಡುತ್ತದೆ. ಎರಕದ ಅಲ್ಯೂಮಿನಿಯಂ ಸದ್ದಿಲ್ಲದೆ ಸೀಳಿ ಒಂದು ದಿನ ಮುರಿದುಬಿಡುತ್ತದೆ, ಅದೂ ಮುಂಚಕ್ರದಲ್ಲಿ.

ಈಗ ಆರ್‌ಪಿಎಂ, ಅಂದರೆ ಮೋಟಾರು ನಿಮಿಷಕ್ಕೆ ಸುತ್ತುವ ಸುತ್ತುಗಳು. ಚಿಕ್ಕ ಚಕ್ರಕ್ಕೆ ಕಿಟ್ ಆರಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಬ್ರಾಂಪ್ಟನ್‌ನ 16 ಇಂಚಿನ (349 ಮಿ.ಮೀ. ರಿಮ್ಮಿನ) ಚಕ್ರ ಒಂದು ಸುತ್ತಿಗೆ ಸುಮಾರು 1.3 ಮೀಟರ್ ಹೋಗುತ್ತದೆ. 40-406 ಟೈರಿನ 20 ಇಂಚಿನ ಚಕ್ರ ಸುಮಾರು 1.53 ಮೀಟರ್, ದೊಡ್ಡ ಸೈಕಲ್ಲಿನ 700ಸಿ ಚಕ್ರ 2.1 ಮೀಟರ್. ಗಂಟೆಗೆ 25 ಕಿ.ಮೀ. ಓಡಲು 700ಸಿ ಚಕ್ರ ನಿಮಿಷಕ್ಕೆ 200 ಸುತ್ತು ಸುತ್ತಿದರೆ ಸಾಕು. 20 ಇಂಚಿನದು 272, ಬ್ರಾಂಪ್ಟನ್‌ನದು 320 ಸುತ್ತಬೇಕು. 36 ವೋಲ್ಟಿನಲ್ಲಿ 201 ಆರ್‌ಪಿಎಂ ಎಂದು ಬರೆದ ಮೋಟಾರನ್ನು ಬ್ರಾಂಪ್ಟನ್ನಿಗೆ ಹಾಕಿದರೆ, ಭಾರವೇ ಇಲ್ಲದೆ ಗಾಳಿಯಲ್ಲಿ ತಿರುಗಿದಾಗಲೂ ಅದರ ವೇಗ ಗಂಟೆಗೆ 15.7 ಕಿ.ಮೀ. ಅಷ್ಟೇ. ಅದಕ್ಕಿಂತ ಜೋರಾಗಿ ನೀವು ತುಳಿದರೆ ಮೋಟಾರ್ ಬರೀ ತೂಕ.

ಮಾರುವವರು ಕೊಡುವ ಆರ್‌ಪಿಎಂ ಸಾಮಾನ್ಯವಾಗಿ ಭಾರವಿಲ್ಲದಾಗಿನದು. ಸವಾರ ಕೂತ ಮೇಲೆ ಅದರ 80ರಿಂದ 85 ಶೇಕಡಾ ಎಂದು ಲೆಕ್ಕ ಹಿಡಿಯಿರಿ. ಚೀನಾದ ಐಕೆಮಾ ಕಂಪನಿಯ ಕ್ಯೂ100 ಎಂಬ ಮೋಟಾರು 201 ಮತ್ತು 328 ಆರ್‌ಪಿಎಂನ ಎರಡು ಬಗೆಗಳಲ್ಲಿ ಬಂದಿದೆ. 20 ಇಂಚಿನ ಚಕ್ರಕ್ಕೆ 328ರದ್ದು ಹಾಕಿದರೆ ರಸ್ತೆಯಲ್ಲಿ 25ರ ಆಸುಪಾಸು ವೇಗ ಸಿಗುತ್ತದೆ, ನಮಗೆ ಬೇಕಾದ್ದು ಅದೇ. 16 ಇಂಚಿಗೆ ಅದಕ್ಕಿಂತ ಕಡಿಮೆಯದನ್ನು ಮುಟ್ಟಲೇಬೇಡಿ. ಚಿಕ್ಕ ಚಕ್ರದಿಂದ ಒಂದು ಲಾಭವೂ ಇದೆ. ಅದೇ 30 ನ್ಯೂಟನ್ ಮೀಟರ್ ಟಾರ್ಕು 700ಸಿ ಚಕ್ರದಲ್ಲಿ ರಸ್ತೆಯನ್ನು 90 ನ್ಯೂಟನ್ನಿನಷ್ಟು ತಳ್ಳಿದರೆ, ಬ್ರಾಂಪ್ಟನ್ ಚಕ್ರದಲ್ಲಿ 145 ನ್ಯೂಟನ್ನಿನಷ್ಟು ತಳ್ಳುತ್ತದೆ. ದಿಬ್ಬಕ್ಕೆ ಚಿಕ್ಕ ಮೋಟಾರೇ ಸಾಲುವುದು ಈ ಕಾರಣಕ್ಕೆ.

ಸಾಲುತ್ತದೆ ಎಂದರೆ ಎಷ್ಟು? ಸವಾರ, ಸೈಕಲ್, ಕಿಟ್ ಸೇರಿ 95 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಒಟ್ಟು ಸುಮಾರು 290 ವ್ಯಾಟ್ ಬೇಕು. ಕಾಲು 100 ಕೊಟ್ಟರೆ ಮೋಟಾರಿನ ಪಾಲಿಗೆ 190. ಬೆಂಗಳೂರಿನ ಫ್ಲೈಓವರುಗಳಿಗೆ 250 ವ್ಯಾಟ್ ಧಾರಾಳವಾಯಿತು. ನಮ್ಮ ಮೋಟಾರು ವಾಹನ ನಿಯಮಗಳೂ 250 ವ್ಯಾಟಿಗಿಂತ ಕಡಿಮೆ ಶಕ್ತಿ, 25 ಕಿ.ಮೀ.ಗೆ ಸೀಮಿತ ವೇಗ ಇರುವುದನ್ನೇ ನೋಂದಣಿ, ಲೈಸೆನ್ಸ್ ಇಲ್ಲದೆ ಬಿಡುವುದು.

ಇನ್ನು ಕಿಟ್‌ಗಳ ವಿಷಯ. ಒಳಗೆ ಗೇರಿಲ್ಲದ ಡೈರೆಕ್ಟ್ ಡ್ರೈವ್ ಮೋಟಾರನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕಬಹುದು. 4 ಕಿಲೋ ಮೇಲಿನ ತೂಕ, ಬ್ಯಾಟರಿ ಮುಗಿದ ಮೇಲೆ ತುಳಿಯುವಾಗ ಹಿಂದಕ್ಕೆಳೆಯುವ ಗುಣ, ಇವೆರಡೂ ಹೊತ್ತುಕೊಂಡು ಮೆಟ್ಟಿಲು ಹತ್ತಬೇಕಾದ ಸೈಕಲ್ಲಿಗೆ ಒಗ್ಗುವುದಿಲ್ಲ. ಒಳಗೆ ನೈಲಾನ್ ಗೇರುಗಳೂ ಕ್ಲಚ್ಚೂ ಇರುವ ಗೇರ್ಡ್ ಹಬ್ ಮೋಟಾರು 2 ಕಿಲೋ ಆಸುಪಾಸು ತೂಗುತ್ತದೆ, ಕರೆಂಟಿಲ್ಲದಾಗ ಸಲೀಸಾಗಿ ಉರುಳುತ್ತದೆ.

ಗೇರ್ಡ್ ಕಿಟ್‌ಗಳಲ್ಲಿ ಎರಡು ದಾರಿ. ಲಂಡನ್ನಿನ ಸ್ವಿಚ್ ಕಂಪನಿ ನಿಮ್ಮ ಚಕ್ರದ ಅಳತೆಗೆ ಕಡ್ಡಿ ಕಟ್ಟಿದ ಚಕ್ರವನ್ನೇ ಕಳಿಸುತ್ತದೆ, ಬ್ರಾಂಪ್ಟನ್ನಿಗೆ ಬೇರೆಯೇ ಕಿಟ್ ಇದೆ. ಬ್ಯಾಟರಿ ಹ್ಯಾಂಡಲ್ ಮೇಲೆ ಕೂರುತ್ತದೆ: ಏರ್ ಎಂಬುದು 90 ವ್ಯಾಟ್ ಅವರ್, ಮ್ಯಾಕ್ಸ್ 180. ಅಳವಡಿಕೆ ಇದರಷ್ಟು ಸುಲಭವಾದದ್ದು ಬೇರೆ ಇಲ್ಲ. ಕಿಲೋಮೀಟರಿಗೆ 8ರಿಂದ 12 ವ್ಯಾಟ್ ಅವರ್ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರೆ ಏರ್ ಬ್ಯಾಟರಿ 8ರಿಂದ 11 ಕಿ.ಮೀ.ಗೆ ಬರುತ್ತದೆ, ಕಾಲು ಹೆಚ್ಚು ದುಡಿದರೆ ಇನ್ನೊಂದಿಷ್ಟು. ಮೆಟ್ರೋ ಸ್ಟೇಷನ್ನಿಂದ ಆಫೀಸಿಗೆ ಹೋಗಿಬರುವವರಿಗೆ ಅದು ಸಾಕು. ನಮ್ಮ ತಕರಾರು ಬೇರೆ: ಬ್ಯಾಟರಿ ಅವರದ್ದೇ ಆಗಬೇಕು. ಮೂರು ವರ್ಷದ ಮೇಲೆ ಸೆಲ್ಲು ಸೋತಾಗ ಊರಿನ ಬ್ಯಾಟರಿ ಅಂಗಡಿಯವನಿಂದ ಒಂದು ಪ್ಯಾಕ್ ಕಟ್ಟಿಸಿ ಜೋಡಿಸುವ ಅವಕಾಶ ಇಲ್ಲ.

ಎರಡನೆಯದು ಬಿಡಿಭಾಗಗಳ ದಾರಿ: ಐಕೆಮಾ ಅಥವಾ ಬಫಾಂಗ್‌ನ ಚಿಕ್ಕ ಮೋಟಾರು, ಕೆಟಿ ಎಂದು ಕರೆಯುವ ಕುಂಟೆಂಗ್ ಕಂಟ್ರೋಲರ್, ಅದರದೇ ಡಿಸ್‌ಪ್ಲೇ, 36 ವೋಲ್ಟಿನ ಯಾವುದೇ ಒಳ್ಳೆಯ ಬ್ಯಾಟರಿ. 74ರ ಫೋರ್ಕಿದ್ದರೆ 74ರದ್ದೇ ಮೋಟಾರ್ ಎಂದು ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ. ನಮ್ಮ ಶಿಫಾರಸು ಈ ಎರಡನೆಯ ದಾರಿಗೇ. ಕಂಟ್ರೋಲರ್ ಸುಟ್ಟರೆ ಕಂಟ್ರೋಲರ್ ಮಾತ್ರ, ಸೆನ್ಸರ್ ಹೋದರೆ ಸೆನ್ಸರ್ ಮಾತ್ರ ಬದಲಿಸಬಹುದು. ಬಿಡಿ ಮೋಟಾರು ಕೊಂಡು ಇಲ್ಲಿ ಕಡ್ಡಿ ಕಟ್ಟಿಸುವುದಾದರೆ ಒಂದು ಎಚ್ಚರ. ಹಬ್ ದಪ್ಪ, ರಿಮ್ಮು ಚಿಕ್ಕದು, ನಡುವಿನ ಕಡ್ಡಿ ಗಿಡ್ಡ. ದೊಡ್ಡ ಚಕ್ರದಂತೆ ಪ್ರತಿ ಕಡ್ಡಿಯನ್ನೂ ಬೇರೆ ಮೂರು ಕಡ್ಡಿಗಳಿಗೆ ಅಡ್ಡ ಹಾಯಿಸಿ ಕಟ್ಟಿದರೆ ಕಡ್ಡಿ, ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಹತ್ತಿರ ಚೂಪಾಗಿ ಬಾಗಿ ಅಲ್ಲೇ ಮುರಿಯುತ್ತದೆ. ಒಂದೇ ಅಡ್ಡ ಅಥವಾ ನೇರ ಕಟ್ಟಬೇಕು, ಕಡ್ಡಿ 2 ಮಿ.ಮೀ. ದಪ್ಪ ಸಾಕು. ದಪ್ಪ ಹೆಚ್ಚಿದಷ್ಟೂ ಗಟ್ಟಿ ಎಂದು 12 ಗೇಜ್ ಹಾಕಿಸುವುದು ತಪ್ಪು. ಅದು ಎಳೆತಕ್ಕೆ ಹಿಗ್ಗದೆ ಬೇಗ ಸಡಿಲವಾಗುತ್ತದೆ.

ಬ್ರಾಂಪ್ಟನ್ ಕಂಪನಿ ವಿಲಿಯಮ್ಸ್ ಅಡ್ವಾನ್ಸ್ಡ್ ಇಂಜಿನಿಯರಿಂಗ್ ಜೊತೆ ಸೇರಿ ಮಾಡಿದ ತನ್ನ ಮೊದಲ ಎಲೆಕ್ಟ್ರಿಕ್ ಮಾದರಿಯಲ್ಲೂ ಮುಂಚಕ್ರದ ಮೋಟಾರನ್ನೇ ಆರಿಸಿತ್ತು, 300 ವ್ಯಾಟ್ ಅವರ್ ಬ್ಯಾಟರಿಯನ್ನು ಮುಂದಿನ ಚೀಲದಲ್ಲಿಟ್ಟಿತ್ತು. ಬ್ಯಾಟರಿಗೆ ಆ ಜಾಗ ಒಳ್ಳೆಯದು. ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರೆ ಕೈಯಲ್ಲಿ ಹಿಡಿಯುವ ಸೈಕಲ್ಲಿನ ತೂಕ 2ರಿಂದ 3 ಕಿಲೋ ಇಳಿಯುತ್ತದೆ, ಮುಂಚಕ್ರಕ್ಕೆ ಭಾರ ಬಿದ್ದು ಮಳೆಯಲ್ಲಿ ಜಾರುವುದೂ ಕಡಿಮೆಯಾಗುತ್ತದೆ. ನಮ್ಮ ಮೆಟ್ರೋದಲ್ಲಿ ಮಡಚಿದ ಸೈಕಲ್ಲಿಗೆ ಅಳತೆ, ತೂಕದ ಮಿತಿ ಇದೆ, ಕೊಳ್ಳುವ ಮೊದಲೇ ತಕ್ಕಡಿಯಲ್ಲಿಟ್ಟು ನೋಡಿ. ವಿಮಾನದಲ್ಲಿ ಒಯ್ಯುವ ಆಸೆ ಇದ್ದರೆ 100 ವ್ಯಾಟ್ ಅವರ್ ದಾಟಿದ ಬ್ಯಾಟರಿಗೆ ಏರ್‌ಲೈನಿನ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರು ಒಯ್ಯುವಂತಿಲ್ಲ.

ಕೂರಿಸುವಾಗ ಮೋಟಾರಿನ ಮೇಲಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರಲಿ. ಟಾರ್ಕ್ ಆರ್ಮನ್ನು ಉಕ್ಕಿನ ಫೋರ್ಕಿಗೂ ಕನಿಷ್ಠ ಒಂದು ಬದಿ ಹಾಕಿ, ಹೋಸ್ ಕ್ಲಿಪ್ಪಿನಿಂದ ಫೋರ್ಕ್ ಕಾಲಿಗೆ ಬಿಗಿಯಿರಿ. ಆಕ್ಸಲ್ ಮೇಲೆ ಅದು ಎಳ್ಳಷ್ಟೂ ಆಡಬಾರದು. ವೈರು ಆಕ್ಸಲ್ಲಿನಿಂದ ಹೊರಬರುವ ತುದಿ ಕೆಳಮುಖವಾಗಿರಲಿ. ಒಂದು ಸುತ್ತು ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೊಯ್ದರೆ ಮಳೆನೀರು ವೈರಿನ ಗುಂಟ ಮೋಟಾರಿನೊಳಗೆ ಇಳಿಯದೆ ಆ ಸುತ್ತಿನ ತಳದಿಂದ ತೊಟ್ಟಿಕ್ಕುತ್ತದೆ. ಒಂಬತ್ತು ಪಿನ್ನಿನ ಕನೆಕ್ಟರನ್ನು ಬಾಣಕ್ಕೆ ಬಾಣ ಹೊಂದಿಸಿ ನೇರವಾಗಿ ಒತ್ತಿ. ತಿರುಚಿದರೆ ಪಿನ್ನು ಬಾಗಿ ಮೋಟಾರ್ ಜರ್ಕ್ ಹೊಡೆಯುತ್ತದೆ ಇಲ್ಲವೇ ತಿರುಗುವುದೇ ಇಲ್ಲ. ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಬಿಗಿಯುವ ಮೊದಲು ಸೈಕಲನ್ನು ಪೂರ್ತಿ ಮಡಚಿ ಬಿಚ್ಚಿ ನೋಡಿ. ಹ್ಯಾಂಡಲ್ ಕೀಲಿನ ಹತ್ತಿರ ವೈರು ಎಳೆದಂತಾದರೆ ಸಡಿಲ ಬಿಡಿ. ಮಡಚಿದಾಗ ಹಿಡಿದಿಡುವ ಬ್ರಾಂಪ್ಟನ್‌ನ ಕೊಕ್ಕೆ, ಡಾಹನ್‌ನ ಮ್ಯಾಗ್ನೆಟ್ ಇರುವುದು ಮುಂಚಕ್ರದ ಆಕ್ಸಲ್ ಹತ್ತಿರವೇ. ದಪ್ಪ ನಟ್ಟು ಬಂದ ಮೇಲೆ ಅವು ತಮ್ಮ ಜಾಗಕ್ಕೆ ತಲುಪುತ್ತವೆಯೇ ಎಂದು ಈಗಲೇ ನೋಡಿಕೊಳ್ಳಬೇಕು.

ಕೆಟಿ ಡಿಸ್‌ಪ್ಲೇಯಲ್ಲಿ ಎರಡು ಸೆಟ್ಟಿಂಗ್ ಸರಿಮಾಡಿದರೆ ಸವಾರಿಯೇ ಬದಲಾಗುತ್ತದೆ. ಪಿ1 ಎಂದರೆ ಮೋಟಾರಿನ ಗೇರ್ ಅನುಪಾತವನ್ನು ಒಳಗಿನ ಮ್ಯಾಗ್ನೆಟ್ಟುಗಳ ಸಂಖ್ಯೆಯಿಂದ ಗುಣಿಸಿದ್ದು. ಅದು ತಪ್ಪಿದರೆ ವೇಗ ತಪ್ಪು ತೋರಿಸಿ 25ರ ಮಿತಿಯೂ ಎಲ್ಲೋ ಬೀಳುತ್ತದೆ. ಸಿ5 ಕರೆಂಟಿನ ಮಿತಿ. 15 ಆಂಪಿಯರ್ ಕಂಟ್ರೋಲರಿನಲ್ಲಿ ಆ ಸೆಟ್ಟಿಂಗಿನ ಸಂಖ್ಯೆಯನ್ನು 10ರಿಂದ 4ಕ್ಕೆ ಇಳಿಸಿದರೆ ಗರಿಷ್ಠ ಕರೆಂಟ್ 10 ಆಂಪಿಯರಿಗೆ ಬರುತ್ತದೆ. ಹೊರಡುವಾಗ ಮುಂಚಕ್ರ ಮರಳಿನಲ್ಲಿ ಗಿರ್ರನೆ ಸುತ್ತುವುದು, ಹ್ಯಾಂಡಲ್ ಪಕ್ಕಕ್ಕೆಳೆಯುವುದು ನಿಲ್ಲುತ್ತದೆ. ನೈಲಾನ್ ಗೇರುಗಳ ಆಯಸ್ಸೂ ಹೆಚ್ಚುತ್ತದೆ.

ಮೊದಲ 50 ಕಿ.ಮೀ. ಆದ ಮೇಲೆ ನಟ್ಟನ್ನೂ ಕಡ್ಡಿಗಳ ಬಿಗಿಯನ್ನೂ ಮತ್ತೊಮ್ಮೆ ನೋಡಿ. ಚೀಲದಲ್ಲಿ 18ರ ಸ್ಪ್ಯಾನರ್ ಇರಲೇಬೇಕು. ಕೆಲವು ನಟ್ಟಿಗೆ 19ರದ್ದು ಬೇಕು, ಕಿಟ್ ಬಂದ ದಿನವೇ ಹಾಕಿ ನೋಡಿ. ಪಂಕ್ಚರ್ ಆದಾಗ ಚಕ್ರ ಬಿಚ್ಚುವ ಅಗತ್ಯವಿಲ್ಲ. ಸೈಕಲ್ ತಲೆಕೆಳಗೆ ನಿಲ್ಲಿಸಿ, ತೂತಿರುವ ಕಡೆ ಟೈರಿನ ಒಂದು ಬದಿ ಎಬ್ಬಿಸಿ, ಅಷ್ಟೇ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿ ಒಳಗೆ ಸೇರಿಸಬಹುದು. ಹೊಸ ಟ್ಯೂಬೇ ಬೇಕಾದಾಗ ಮೊದಲು ಕನೆಕ್ಟರ್ ಕಳಚಿ, ಆಮೇಲೆ ಟಾರ್ಕ್ ಆರ್ಮಿನ ಕ್ಲಿಪ್, ಕೊನೆಗೆ ನಟ್ಟು. ವಾಷರುಗಳು ಯಾವ ಬದಿಯಲ್ಲಿ ಯಾವ ಕ್ರಮದಲ್ಲಿದ್ದವು ಎಂದು ಬಿಚ್ಚುವ ಮೊದಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.