ಮೂರು ಆರ್‌ಆರ್ ಯೂನಿಟ್‌ಗಳು ಮತ್ತು ವಿಜಯಪುರದ ಬಿಸಿಲು

ಬೈಕಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಆರ್‌ಆರ್ ಯೂನಿಟ್ ಪರೀಕ್ಷಿಸಿ. ರೆಗ್ಯುಲೇಟರ್ ಮತ್ತು ರೆಕ್ಟಿಫೈಯರ್ ಎರಡೂ ಇರುವ ಈ ಡಬ್ಬಿ, ಇಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಕಾಯಿಲ್‌ನಿಂದ ಬರುವ ಎಸಿ ವಿದ್ಯುತ್ತನ್ನು ಡಿಸಿಗೆ ತಿರುಗಿಸಿ, 14 ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ನನ್ನ ಬೈಕಿನಲ್ಲಿ ಅದು ಸುಟ್ಟ ಮೇಲೆ ಮೂರು ಬಗೆಯ ಯೂನಿಟ್‌ಗಳನ್ನು ಮನೆಯಲ್ಲೇ ಜೋಡಿಸಿ ಓಡಿಸಿ ನೋಡಿದ್ದೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ನಾನು ಮೊದಲು ಕೇಳುವುದು ಬೆಲೆಯನ್ನಲ್ಲ. ಬೇಡವಾದ ವಿದ್ಯುತ್ತನ್ನು ಯೂನಿಟ್ ಎಲ್ಲಿಗೆ ಕಳಿಸುತ್ತದೆ ಎಂಬುದನ್ನು.

ಅದಕ್ಕೂ ಮೊದಲು ಕಾಯಿಲ್ ಚೆನ್ನಾಗಿದೆಯೇ ಎಂಬುದು ಖಚಿತವಾಗಬೇಕು. ಸ್ಟೇಟರ್‌ನಿಂದ ಬರುವ ಮೂರು ವೈರ್‌ಗಳ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ಇಂಜಿನ್ ನಿಂತಿರುವಾಗ ಎರಡೆರಡರ ನಡುವೆ ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ತಿಗಿರುವ ತಡೆ) ಅಳೆಯಿರಿ. ಮೂರು ಜೋಡಿಗಳಲ್ಲೂ ಒಂದೇ ಅಳತೆ ಬರಬೇಕು. ಸಾಮಾನ್ಯವಾಗಿ ಅದು 1 ಓಮ್‌ಗಿಂತ ಕಡಿಮೆ. ಯಾವ ವೈರಿಗೂ ಇಂಜಿನ್ ಬಾಡಿಯೊಂದಿಗೆ ಸಂಪರ್ಕ ಇರಬಾರದು. ಆಮೇಲೆ ಇಂಜಿನ್ ಶುರು ಮಾಡಿ ಎಸಿ ವೋಲ್ಟೇಜ್ ನೋಡಿ: ರೇಸ್ ಮಾಡಿದಂತೆ ಮೂರೂ ಜೋಡಿಗಳಲ್ಲಿ ಸಮನಾಗಿ ಏರಬೇಕು. ಇಲ್ಲಿ ದೋಷವಿದ್ದರೆ ಯಾವ ಆರ್‌ಆರ್ ಯೂನಿಟ್ ಹಾಕಿದರೂ ಪ್ರಯೋಜನವಿಲ್ಲ.

ಒರಿಜಿನಲ್ ಸಿಗಲು ತಡವಾದ್ದರಿಂದ ಮೊದಲು ಹಾಕಿದ್ದು ಹೆಸರಿಲ್ಲದ ಡೂಪ್ಲಿಕೇಟ್. ಬೆಲೆ ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆ, ಕಪ್ಲರ್ ಕೂಡ ಹಾಗೇ ಕೂಡಿತು. ಗಾಂಧಿ ಚೌಕದ ಸುತ್ತಮುತ್ತ ನಿಧಾನವಾಗಿ ಓಡಿಸುವಾಗ ಯಾವ ತಕರಾರೂ ಇರಲಿಲ್ಲ. ಆದರೆ ಇಂಜಿನ್ ವೇಗ ಹೆಚ್ಚಿಸಿದಾಗ ಬ್ಯಾಟರಿಗೆ ಹಿಡಿದ ಮೀಟರ್ 15 ವೋಲ್ಟ್ ದಾಟಿತು. ಅಷ್ಟು ವೋಲ್ಟೇಜಿನಲ್ಲಿ ಬ್ಯಾಟರಿಯ ಆಸಿಡ್ ನೀರು ಅನಿಲವಾಗಿ ಹೋಗಿ ಇಳಿಯುತ್ತದೆ, ಬಲ್ಬುಗಳು ಬೇಗ ಸುಡುತ್ತವೆ. ತಕ್ಷಣ ತೆಗೆದುಹಾಕಿದೆ. ಯಾರಿಗೂ ಇದನ್ನು ಶಿಫಾರಸು ಮಾಡುವುದಿಲ್ಲ.

ಕಂಪನಿಯ ಒರಿಜಿನಲ್ ಬಂದ ಮೇಲೆ ಮೀಟರ್ 14.2ರ ಹತ್ತಿರ ಅಲುಗಾಡದೆ ನಿಂತಿತು. ಎರಡು ಬೋಲ್ಟ್, ಎರಡು ಕಪ್ಲರ್, ಕೆಲಸ ಮುಗಿಯಿತು. ಇದು ಶಂಟ್ ಮಾದರಿಯದು: ಹೆಚ್ಚಾದ ವಿದ್ಯುತ್ತನ್ನು ಶಾರ್ಟ್ ಮಾಡಿ ಕಾಯಿಲ್‌ಗೇ ತಿರುಗಿಸುತ್ತದೆ. ಆದ್ದರಿಂದ ಬೈಕಿಗೆ ಬೇಕಿರಲಿ ಬೇಡದಿರಲಿ, ಕಾಯಿಲ್ ಯಾವಾಗಲೂ ಪೂರ್ತಿ ದುಡಿಯುತ್ತಿರುತ್ತದೆ. ಕೊರ್ತಿ–ಕೊಲ್ಹಾರ ಸೇತುವೆಯವರೆಗೆ ಮಧ್ಯಾಹ್ನ ಓಡಿಸಿ ನಿಲ್ಲಿಸಿದಾಗ ಯೂನಿಟ್ ಮೇಲೆ ಕೈ ಇಡಲಾಗಲಿಲ್ಲ. ಎಲ್‌ಇಡಿ ಹೆಡ್‌ಲೈಟ್ ಹಾಕಿದರೆ ಲೋಡ್ ತಗ್ಗಿ ಯೂನಿಟ್ ತಂಪಾಗುತ್ತದೆ ಎಂದು ಹಲವರು ನಂಬಿದ್ದಾರೆ. ಶಂಟ್ ಮಾದರಿಯಲ್ಲಿ ಆಗುವುದು ಇದಕ್ಕೆ ವಿರುದ್ಧ: ದೀಪ ಬಳಸದ ವಿದ್ಯುತ್ತೂ ಯೂನಿಟ್ ಮೂಲಕವೇ ಶಾರ್ಟ್ ಆಗಬೇಕಾಗುತ್ತದೆ, ಕಾವು ಇನ್ನೂ ಏರುತ್ತದೆ.

ಈ ಕಾರಣಕ್ಕೇ ಮೂರನೆಯದಾಗಿ ಸೀರೀಸ್ ಮಾದರಿಯನ್ನು ತರಿಸಿದೆ: ಜಪಾನಿನ ಶಿಂಡೆಂಗೆನ್ ಕಂಪನಿಯ ಎಸ್‌ಎಚ್775. ಇದು ಹೆಚ್ಚಾದ ವಿದ್ಯುತ್ತನ್ನು ಶಾರ್ಟ್ ಮಾಡುವುದಿಲ್ಲ, ಕಾಲುವೆಯ ನೀರನ್ನು ತೂಬಿನಲ್ಲೇ ತಡೆದಂತೆ ಹರಿವನ್ನೇ ನಿಲ್ಲಿಸುತ್ತದೆ. ಕಾಯಿಲ್‌ನಲ್ಲಿ ಬೇಕಾದಷ್ಟೇ ಕರೆಂಟ್ ಹರಿಯುತ್ತದೆ. ಅದೇ ದಾರಿ, ಅದೇ ಬಿಸಿಲು. ಈ ಸಲ ಯೂನಿಟ್ ಬರೀ ಬೆಚ್ಚಗಿತ್ತು. ಅದನ್ನು ಮುಟ್ಟಿ ನೋಡಿದಾಗ ನನಗಾದ ಸಮಾಧಾನ ದೊಡ್ಡದು.

ಆದರೆ ಫಿಟಿಂಗ್ ಸುಲಭವಲ್ಲ. ಕಪ್ಲರ್ ಬೇರೆ, ಬೋಲ್ಟ್ ಅಂತರ ಬೇರೆ. ಪಟ್ಟಿ ಕತ್ತರಿಸಿ ಬ್ರಾಕೆಟ್ ಮಾಡಿ, ಗಾಳಿ ತಾಗುವ ಕಡೆ ಕೂಡಿಸಬೇಕಾಯಿತು. ಮೂರು ಫೇಸ್ (ಮೂರು ವೈರಿನ) ಕಾಯಿಲ್ ಇಲ್ಲದ ಸಣ್ಣ ಬೈಕುಗಳಿಗೆ ಇದರಿಂದ ಉಪಯೋಗವಿಲ್ಲ. ಇನ್ನೊಂದು ಎಚ್ಚರಿಕೆ: ಹರಿವು ನಿಂತಾಗ ಕಾಯಿಲ್‌ನ ವೋಲ್ಟೇಜ್ ಏರುವುದರಿಂದ, ಇನ್ಸುಲೇಷನ್ ಸವೆದ ಹಳೆಯ ಕಾಯಿಲ್‌ಗೆ ಇದನ್ನು ಜೋಡಿಸಬೇಡಿ.

ಊರೊಳಗೆ ಓಡಾಡುವವರಿಗೆ ಒರಿಜಿನಲ್ ಸಾಕು. ಹೆದ್ದಾರಿಯಲ್ಲಿ ದೂರ ಓಡಿಸುವವರು, ಎಲ್‌ಇಡಿ ಹಾಕಿಸಿಕೊಂಡವರು ಸೀರೀಸ್ ಕೊಳ್ಳಲಿ. ನನ್ನ ಬೈಕಿನಲ್ಲಿ ಈಗ ಇರುವುದು ಅದೇ.

ಯಾವುದನ್ನೇ ಆರಿಸಿದರೂ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಹಳೆಯ ಕಪ್ಲರ್‌ನ ಪಿನ್ ಕಂದಿದ್ದರೆ ಅಥವಾ ಹಸಿರು ಕಟ್ಟಿದ್ದರೆ ಅದನ್ನೂ ಬದಲಿಸಿ. ಸಡಿಲ ಪಿನ್ನೇ ಕಾದು ಹೊಸ ಯೂನಿಟ್ಟನ್ನೂ ಕೆಡಿಸುತ್ತದೆ. ದೋಣಿ ನದಿ ಸೀಮೆಯ ಎರೆಮಣ್ಣಿನ ಧೂಳು ಯೂನಿಟ್ಟಿನ ಕಾವು ಆರಿಸುವ ಫಿನ್‌ಗಳ ನಡುವೆ ಗಟ್ಟಿಯಾಗಿ ಕೂರುವುದರಿಂದ ಆಗಾಗ ಬ್ರಷ್ ಆಡಿಸಿ. ಕೊನೆಗೆ ಇಂಜಿನ್ ಓಡುತ್ತಿರುವಾಗ ಯೂನಿಟ್‌ನ ಪ್ಲಸ್ ಮತ್ತು ಬ್ಯಾಟರಿಯ ಪ್ಲಸ್ ನಡುವೆ ಮಲ್ಟಿಮೀಟರ್ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಯೂನಿಟ್‌ನಲ್ಲಿಲ್ಲ, ನಡುವಿನ ವೈರಿನಲ್ಲಿದೆ.