ಕಡತ ಓದುವ ವಕೀಲರು

ಗುಬ್ಬಿ ತಾಲ್ಲೂಕಿನ ಒಂದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಅಂದರೆ ವಿಎಸ್‌ಎಸ್‌ಎನ್‌ನಲ್ಲಿ ನನ್ನ ತಮ್ಮ ಲೆಕ್ಕಿಗ. ಸಂಘದ ಹಣ ನುಂಗಿದ್ದಾನೆಂದು 2024ರ ಸೆಪ್ಟೆಂಬರ್‌ನಲ್ಲಿ ಅವನ ಮೇಲೆ ಎಫ್‌ಐಆರ್ ಆಯಿತು. ಅವನ ಪರ ನಿಂತಿರುವ ತುಮಕೂರಿನ ವಕೀಲೆಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ವಕೀಲರು ಜಾಹೀರಾತು ಕೊಡುವಂತಿಲ್ಲ, ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ.

ಮೊದಲು ಬೇರೊಬ್ಬ ವಕೀಲರ ಬಳಿ ಹೋಗಿದ್ದೆವು. ಠಾಣೆಯಲ್ಲಿ ಅವರ ಮಾತು ನಡೆಯುತ್ತದೆ ಎಂದು ಊರಿನವರು ಹೇಳಿದ್ದರು. ಅವರು ಕಾಗದ ತಿರುವಿ ಹಾಕಿ, ‘ಅರ್ಧ ಹಣ ಕಟ್ಟಿ ಒಪ್ಪಿಕೊಂಡುಬಿಡಿ’ ಎಂದರು. ಮುಟ್ಟದ ಹಣವನ್ನು ಕಟ್ಟುವುದೆಂದರೆ ಕಳ್ಳನೆಂದು ನಾವೇ ಬರೆದುಕೊಟ್ಟಂತೆ. ಇಪ್ಪತ್ತು ಸಾವಿರ ಕೊಟ್ಟು ಬಂದ ಆ ರಾತ್ರಿ ತಮ್ಮ ಊಟಕ್ಕೆ ಏಳಲಿಲ್ಲ.

ಆ ಮೊದಲ ವಕೀಲರು ಬರೆದಿದ್ದ ಜಾಮೀನು ಅರ್ಜಿಯನ್ನು ಈ ವಕೀಲೆ ನೋಡಿದ ಕೂಡಲೇ ಪಕ್ಕಕ್ಕಿಟ್ಟರು. 2024ರ ಜುಲೈ 1ರಿಂದ, ಕ್ರಿಮಿನಲ್ ಮೊಕದ್ದಮೆ ನಡೆಸುವ ಹಳೆಯ ಕಾನೂನಾದ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನನ್ನು ಕೇಳಬೇಕಾದದ್ದು 482ನೇ ಕಲಮಿನಡಿ, ಹಳೆಯ 438ರಡಿ ಅಲ್ಲ. ವ್ಯವಹಾರ 2022-23ರದ್ದಾದ್ದರಿಂದ ಆರೋಪಗಳು ಮಾತ್ರ ಹಳೆಯ ದಂಡ ಸಂಹಿತೆ ಐಪಿಸಿಯ 409 (ನಂಬಿಕೆ ದ್ರೋಹ), 420 (ವಂಚನೆ). ಇದನ್ನೆಲ್ಲ ನನಗೆ ಅರ್ಥವಾಗುವ ತನಕ ಬಿಡಿಸಿ ಹೇಳಿದರು. ಜಾಮೀನು ಸಿಕ್ಕಿತು.

ಆದರೆ ನಾನು ಅವರನ್ನು ನಂಬಿದ್ದು ಅದಕ್ಕಲ್ಲ. ಆರೋಪಪಟ್ಟಿಯ ಪ್ರತಿ ಕೈಗೆ ಬಂದ ಮೇಲೆ ಮೂರು ಭಾನುವಾರ ನಮ್ಮನ್ನು ಕೂರಿಸಿಕೊಂಡು ನಗದು ಪುಸ್ತಕವನ್ನು ಸಾಲು ಸಾಲಾಗಿ ಓದಿದರು. ಪುಟದ ಮೇಲೆ ಅಡಿಪಟ್ಟಿ ಇಟ್ಟು, ಒಂದೊಂದು ರಸೀದಿಗೂ ಪೆನ್ಸಿಲ್ ಗುರುತು ಹಾಕುತ್ತಾ ಹೋದರು. ಒಂದು ಕಡೆ ಪೆನ್ಸಿಲ್ ನಿಂತಿತು. ‘ಈ ದಿನ ಮಧ್ಯಾಹ್ನ ಇವರು ಎಲ್ಲಿದ್ದರು?’ ತಾರೀಕು ನೋಡಿದೆ. ನಮ್ಮ ಅಪ್ಪನ ತಿಥಿ. ಎಡೆಗೆ ವಡೆ ಕರಿದವಳು ನಾನೇ, ಎಡೆ ಇಟ್ಟವನು ಅವನೇ. ಅದೇ ಹೊತ್ತಿನಲ್ಲಿ ಸಂಘದ ಕಂಪ್ಯೂಟರಿನಲ್ಲಿ ಅವನ ಪಾಸ್‌ವರ್ಡ್ ಬಳಸಿ ನಾಲ್ಕು ಪಾವತಿಗಳನ್ನು ದಾಖಲಿಸಿದ್ದಾರೆ. ರಜೆ ಚೀಟಿ ಹಾಜರಿ ಪುಸ್ತಕದಲ್ಲೇ ಅಂಟಿಕೊಂಡಿತ್ತು. ತಮ್ಮ ಅಲ್ಲೇ ಕುಳಿತು ಅತ್ತುಬಿಟ್ಟ.

ಗೆಲ್ಲಿಸಿಕೊಡುತ್ತೇನೆಂದು ಅವರು ಒಮ್ಮೆಯೂ ಹೇಳಿಲ್ಲ. ಆರೋಪದಿಂದ ಬಿಡುಗಡೆ ಕೋರಿ ಹಾಕಿದ ಅರ್ಜಿ ವಜಾ ಆಯಿತು. ಆ ಹಂತದಲ್ಲಿ ನಮ್ಮ ದಾಖಲೆಗಳನ್ನು ನ್ಯಾಯಾಲಯ ಪರಿಗಣಿಸುವುದಿಲ್ಲ ಎಂದು ಮೊದಲೇ ಎಚ್ಚರಿಸಿದ್ದರಿಂದ ನಾವು ಕುಸಿಯಲಿಲ್ಲ. ಶುಲ್ಕ ಕಡಿಮೆಯಲ್ಲ, ತೆಂಗಿನಕಾಯಿ ಮಾರಿ ಬದುಕುವ ಮನೆಗೆ ಅದು ಭಾರವೇ. ಆದರೆ ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಬರೆದುಕೊಟ್ಟಿದ್ದಾರೆ, ಪ್ರತಿ ಸಲವೂ ರಸೀದಿ ಕೊಡುತ್ತಾರೆ. ಕೊರತೆ ಒಂದಿದೆ: ಸಂಜೆ ಆರರವರೆಗೆ ಫೋನ್ ಎತ್ತುವುದಿಲ್ಲ. ವಾಯಿದೆಗೆ ಕಿರಿಯರು ಬಂದ ದಿನ ಏನಾಯಿತೆಂದು ತಿಳಿಯಲು ರಾತ್ರಿಯವರೆಗೆ ಕಾಯಬೇಕು. ಮನೆಯವರ ಸಂಕಟ ನೋಡಿಯಾದರೂ ಇದನ್ನು ಅವರು ಸರಿಪಡಿಸಬೇಕು.

ಮುಂದಿನ ವಾಯಿದೆಗೆ ಸಂಘದ ಕಾರ್ಯದರ್ಶಿಯ ಪಾಟೀಸವಾಲು. ಹಾಜರಿ ಪುಸ್ತಕವನ್ನು ತರಿಸಲು ಅರ್ಜಿ ಹಾಕಿದ್ದಾರೆ. ರಜೆ ಚೀಟಿಯ ಮೂರು ಪ್ರತಿಗಳನ್ನು ನಾನು ಬೀರುವಿನಲ್ಲಿ, ಅಪ್ಪನ ಫೋಟೋದ ಹಿಂದೆ ಇಟ್ಟಿದ್ದೇನೆ.