ಇಸುಬಿಗೆ ಶತಧೌತ ಘೃತ: ವರ್ಷಗಟ್ಟಲೆ ಹಚ್ಚಿ ನೋಡಿದ ಮೇಲೆ

ಕಣಕಾಲಿನ ಒಣ ಇಸುಬಿಗೆ ಶತಧೌತ ಘೃತ, ಅಂದರೆ ನೂರು ಸಲ ತೊಳೆದ ತುಪ್ಪ, ಹಚ್ಚತೊಡಗಿ ಹಲವು ವರ್ಷಗಳಾದವು. ಅಂಗಡಿಯ ಡಬ್ಬಿಯನ್ನೂ ಬಳಸಿದ್ದೇನೆ, ಮನೆಯಲ್ಲೂ ಮಾಡಿಕೊಂಡಿದ್ದೇನೆ. ತುರಿಕೆ, ಉರಿ, ಬಿರುಕು ತಗ್ಗಿಸಲು ನನಗೆ ಇದರಷ್ಟು ಹಿತವಾದದ್ದು ಬೇರೆ ಸಿಕ್ಕಿಲ್ಲ. ಆದರೆ ಇಸುಬನ್ನು ಬೇರುಸಮೇತ ಕೀಳುತ್ತದೆ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಚಳಿಗಾಲ ಬಂದರೆ ನನಗೆ ಈಗಲೂ ಮರುಕಳಿಸುತ್ತದೆ.

ಮಾಡುವ ಕ್ರಮ ಸರಳ, ಕೆಲಸ ಮಾತ್ರ ದೊಡ್ಡದು. ತಾಮ್ರದ ಪಾತ್ರೆಯಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಸೇರಿಸಿ, ಅಂಗೈಯಿಂದ ಚೆನ್ನಾಗಿ ನಾದಿ ನೀರು ಬಸಿಯಬೇಕು. ಹೀಗೆ 100 ಸಲ. ತೊಳೆಯುತ್ತ ಹೋದಂತೆ ಹಳದಿ ಬಣ್ಣ, ಹರಳು, ತುಪ್ಪದ ವಾಸನೆ ಎಲ್ಲ ಕಳೆದು ಬೆಣ್ಣೆಯಂಥ ಬಿಳಿ ಮುಲಾಮು ಉಳಿಯುತ್ತದೆ. ಜಿಡ್ಡಿನೊಳಗೆ ನೀರು ಸೇರಿಕೊಂಡಿರುವುದರಿಂದ ಹಚ್ಚಿದ ಕೂಡಲೇ ತಂಪು. ಸ್ನಾನ ಮಾಡಿ, ಚರ್ಮದಲ್ಲಿ ಪಸೆ ಇರುವಾಗಲೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಗುಣವೂ ಕಾಣದು.

ಗಾಯ ಸೋರುತ್ತಿರುವಾಗ ಮಾತ್ರ ಇದು ಬೇಡ. ಆಗ ನಮ್ಮ ವೈದ್ಯರು ಪಂಚವಲ್ಕಲ ಕಷಾಯದಿಂದ ತೊಳೆಯಲು ಹೇಳುತ್ತಾರೆ. ಆಲ, ಅತ್ತಿ, ಅರಳಿ, ಬಸರಿಯಂಥ ಮರಗಳ ತೊಗಟೆಯ ಒಗರಿಗೆ ಸೋರುವಿಕೆ ತಗ್ಗುತ್ತದೆ. ಒಣಗಿದ ಮೇಲೆ ಮತ್ತೆ ತುಪ್ಪ. ಕೀವು ತುಂಬಿದರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಚರ್ಮತಜ್ಞರ ಬಳಿ ಹೋಗಲೇಬೇಕು. ಅವರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ರೋಗ ಉಲ್ಬಣಿಸಿದಾಗ ಅವರು ಹೇಳಿದಷ್ಟು ದಿನ ನಾನೂ ಹಚ್ಚುತ್ತೇನೆ. ಗಜಕರ್ಣಕ್ಕೆ ಈ ತುಪ್ಪವನ್ನು ಬಳಿಯಬೇಡಿ. ಅದು ಶಿಲೀಂಧ್ರದಿಂದ ಬರುವುದು, ಅದರ ಔಷಧಿಯೇ ಬೇರೆ.

ಆಯುರ್ವೇದ ಇಸುಬನ್ನು ವಿಚರ್ಚಿಕಾ ಎಂದು ಗುರುತಿಸಿ ಪಥ್ಯವನ್ನೂ ಹೇಳುತ್ತದೆ: ಮೊಸರು, ಹುಳಿ, ಉಪ್ಪಿನಕಾಯಿ, ಹಾಲಿನ ಜೊತೆ ಮೀನು ವರ್ಜ್ಯ. ಒಳಗೆ ತೆಗೆದುಕೊಳ್ಳುವ ಔಷಧಿ ವೈದ್ಯರಿಗೇ ಬಿಟ್ಟದ್ದು. ಕಹಿ ಮೂಲಿಕೆಗಳ ಔಷಧಿ ತುಪ್ಪವಾದ ಮಹಾತಿಕ್ತಕ ಘೃತದ ಕಹಿ ಹೇಗೋ ಸಹಿಸಬಹುದು. ಆರೋಗ್ಯವರ್ಧಿನಿ ಎಂಬ ಗುಳಿಗೆಯಲ್ಲಿ ಕಜ್ಜಲಿ, ಅಂದರೆ ಪಾದರಸ, ಗಂಧಕ ಅರೆದು ಮಾಡಿದ ಕಪ್ಪು ಪುಡಿ, ಇರುತ್ತದೆ. ಅದನ್ನು ಯಾರದೋ ಮಾತು ಕೇಳಿ ಅಂಗಡಿಯಿಂದ ತಂದು ನುಂಗುವುದು ಅಪಾಯ.

ಶತಧೌತ ಘೃತದ ಡಬ್ಬಿ ಕೊಳ್ಳುವವರು ಮೊದಲು ಅದರಲ್ಲಿರುವ ಪದಾರ್ಥಗಳ ಪಟ್ಟಿ ಓದಿ. ಸುಗಂಧ ಬೆರೆಸಿದ್ದು ಇಸುಬಿನ ಚರ್ಮವನ್ನು ಕೆರಳಿಸಬಹುದು. ಮನೆಯದಾದರೆ ಸ್ವಲ್ಪಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ, ಕಮಟು ವಾಸನೆ ಬಂದರೆ ಚೆಲ್ಲಿಬಿಡಿ. ರಾತ್ರಿ ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಇಲ್ಲದಿದ್ದರೆ ಹಾಸಿಗೆಯೆಲ್ಲ ಜಿಡ್ಡು.